ಗೊಂಬಿ ಕೆತ್ತೂ ಕಣಿವಿ ವಾಲ್ ಗರ್ದೇನಾ: ಯಾವ ಮನಿ, ಯಾವ ಗುಡಿ ನೋಡಬೇಕ್ರಿ?

ಬಡಿಗೇರ, ಹಳೇ ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ್ರಿ. ಮಗಳು ಮ್ಯೂನಿಕ್‌ನ್ಯಾಗ ಅದಾಳ. ಸೆಪ್ಟೆಂಬರ್‌ದಾಗ ನಾನು, ನಮ್ಮಾಕಿ ಹೊಂಟೀವಿ. ಅಲ್ಲಿಂದ ಎರಡು ದಿವಸ ಇಟಲಿಯ ವಾಲ್ ಗರ್ದೇನಾಕ್ಕ ಹೋಗಬೇಕಂತ ನನ್ನ ಹಠ. ಮೂರು ತಲಿಮಾರಿಂದ ನಮ್ಮದು ಕಟ್ಟಿಗಿ ಕೆಲಸ. ಅಪ್ಪ ಕೆತ್ತಿದ ಸಾಗವಾನಿ ಬೋದಿಗಿ ನಮ್ಮ ಓಣ್ಯಾಗ ಎರಡು ಮನ್ಯಾಗ ಇನ್ನೂ ಅದಾವ. ಮೂರನೇ ಮನಿ ಹ್ವಾದ ವರ್ಷ ಕೆಡವಿದ್ರು. ನಾ ಹೋಗೂದ್ರಾಗ ಬೋದಿಗಿ ಸೀಳಿ ಒಲಿಗೆ ಹಾಕಿದ್ರು, ಗಿಣಿ ಕೊಕ್ಕಿಂದು ಒಂದು ಚಕ್ಕಿ ಅಷ್ಟ ಸಿಕ್ತು. ವಾಲ್ ಗರ್ದೇನಾದಾಗ ಹಂಗ ಆಗಿಲ್ಲಂತ ಕೇಳೀನಿ. ಏನೇನು ನಿಂತಾವ, ಯಾವದರಿಂದ ಚಾಲೂ ಮಾಡ್ಲಿ?

ಸಾಧನಕೇರಿ ದಂಡಿ:
ಕಾಕಾ, ನಾ ಎರಡು ವರ್ಷದ ಹಿಂದ ಹೋಗಿದ್ದೆ. ಮೊದಲು ಆ ಕಣಿವಿಯ ಓರ್ತಿಸೇಯಿ ಊರಾಗ ‘ಚೇಸಾ ದಿ ಲಾದಿನ್ಸ್’ ಕಟ್ಟಡಕ್ಕ ಹೋಗ್ರಿ. ಲಾದಿನ್ ಅಂದ್ರ ಆ ಕಣಿವಿಯ ಭಾಷೆ, ಮಂದಿ ಮನ್ಯಾಗ ಇನ್ನೂ ಅದನ್ನ ಮಾತಾಡ್ತಾರ. 1960ರಿಂದ ಅಲ್ಲೇ ಮ್ಯೂಸಿಯಂ ಅದ. ಗಾಜಿನ ಪೆಟ್ಟಿಗಿ ಮುಂದ ನಾ ಒಂದು ತಾಸು ನಿಂತೆ. ಬೆರಳುದ್ದದ ಗೊಂಬಿ, ತಲ್ಯಾಗ ಹಳದಿ ಬಾಚಣಿಗಿ, ಮೊಣಕಾಲಿಗೆ ಕಡ್ಡಿಯಂಥಾ ಗೂಟ. ಆ ಕೀಲು ನೋಡಿದ್ರ ನಿಮಗ ಕೈ ಸುಮ್ಮನಿರೂದಿಲ್ಲ. ವಿಕ್ಟೋರಿಯಾ ರಾಣಿ ಸಣ್ಣಾಕಿದ್ದಾಗ ಕೂಡಿಸಿಟ್ಟಿದ್ದ 132 ಗೊಂಬಿ ಇದೇ ಜಾತಿಯ ಕಟ್ಟಿಗಿ ಗೊಂಬಿ.

ಆಮ್ಯಾಲ ಊರ ಮ್ಯಾಲ ಗುಡ್ಡದಾಗಿನ ಸಂತ ಯಾಕೋಬರ ಹಳೇ ಗುಡಿ. ಏರು ಅದ, ಕಾಕೂಗೆ ಕಾಲುನೋವಿದ್ರ ಸಾವಕಾಶ ಹತ್ತರಿ. ಕೆತ್ತನೆಯ ಮೊದಲ ಮನೆತನಗಳು ಎರಡು, ತ್ರೇಬಿಂಗರ್ ಮತ್ತ ವಿನಾತ್ಸರ್. 17ನೇ ಶತಮಾನದಾಗ ಶುರುವಾಗಿದ್ದು ಅವರಿಂದ. ಗುಡಿ ಮೂರ್ತಿಯಿಂದ ಹೊಟ್ಟಿ ತುಂಬಲಿಲ್ಲ, ಆಟಿಕಿ ಬಂತು. ಚಳಿಗಾಲದಾಗ ಹೊಲ ಹಿಮದಾಗ ಮುಚ್ಚಿಹೋಗ್ತದ, ಮನಿಮಂದಿ ಎಲ್ಲಾ ಕಿಡಕಿ ಬಾಜೂ ಕೂತು ಉಳಿ ಹಿಡೀತಿದ್ರು. ಅಲ್ಲಿನ ಸೆಂಬ್ರಾ ಪೈನ್ ಮರದ ಕಟ್ಟಿಗಿ ಮೆತ್ತಗ, ಕೆತ್ತಿದ್ರ ಚಲೋ ವಾಸನಿ. 1872ಕ್ಕ ಅಲ್ಲಿಗೆ ಹೋದ ಅಮೀಲಿಯಾ ಎಡ್ವರ್ಡ್ಸ್ ಎಂಬ ಇಂಗ್ಲಿಷ್ ಲೇಖಕಿ ಒಬ್ಬ ಮುದುಕಿನ್ನ ಕಂಡಿದ್ಲು. ಆ ಮುದುಕಿ ಕೆತ್ತತಿದ್ದದ್ದು ಆರೇ ಪ್ರಾಣಿ: ಬೆಕ್ಕು, ನಾಯಿ, ತೋಳ, ಕುರಿ, ಆಡು, ಆನಿ. ಅಕಿ ಅವ್ವನೂ ಅವನ್ನೇ ಕೆತ್ತತಿದ್ಲಂತ. ಆರರಾಗ ಅಕಿ ಎಷ್ಟು ಪಳಗಿರಬೇಕು ನೋಡ್ರಿ! ವಖಾರಿಯವರು ಇಂಥಾ ಮನಿಗಳಿಂದ ಮಾಲು ಕೊಂಡು ಊರೂರಿಗೆ ಕಳಸ್ತಿದ್ರು. 1856ರಾಗ ಗಾಡಿರಸ್ತೆ ಆದ ಮ್ಯಾಲ ಧಂದೆ ಬಿರುಸಾತು.

ವ್ಯಾಳ್ಯಾ ಉಳಿದ್ರ ಹಳೇ ರೈಲಿನ ಹಾದಿ ಹಿಡದು ಬಾಜೂ ಊರು ಸಾಂತಾ ಕ್ರಿಸ್ತಿನಾ ಕಡೆ ನಡೀರಿ. ಮೊದಲ ಮಹಾಯುದ್ಧದಾಗ ರಷ್ಯಾದ ಸೆರೆಯಾಳುಗಳ ಕಡಿಂದ ಹಾಕಿಸಿದ ಹಳಿ, 1960ರಾಗ ಬಂದ್ ಆತು. ಈಗ ಅಡ್ಡಾಡೂ ದಾರಿ.

ಗದಗಿನಂವ:
ಅಣ್ಣಾರ, ಹೋಗೂಕಿಂತ ಮೊದಲ ಕೊಪ್ಪಳದ ಕಿನ್ನಾಳಕ್ಕ ಒಂದು ಸಲ ಹೋಗಿ ಬರ್ರಿ. ಅಲ್ಲಿ ಚಿತ್ರಗಾರರ ಮನಿನ ಕಾರ್ಖಾನಿ. ಪಡಸಾಲ್ಯಾಗ ಹಗೂರ ಕಟ್ಟಿಗಿ ಕೆತ್ತತಾರ, ಹುಣಸಿಬೀಜದ ಅಂಟಿನ್ಯಾಗ ಗೋಣಿನಾರು, ಹೊಟ್ಟು ಕಲಸಿದ ಕಿಟ್ಟದಿಂದ ಕೀಲು ಮುಚ್ಚತಾರ, ಆಮ್ಯಾಲ ಬಣ್ಣ. ಅಲ್ಲಿಂದ ಒಂದು ಸಣ್ಣ ಗರುಡ ತಗೊಂಡು ಹೋಗ್ರಿ. ಓರ್ತಿಸೇಯಿ ಅಂಗಡ್ಯಾಗ ಉಳಿ ಹಿಡದವ್ರು ಸಿಕ್ಕರ ಅವರ ಕೈಯಾಗ ಕೊಡ್ರಿ, ಭಾಷೆ ಬ್ಯಾಡ.

ಬಡಿಗೇರ, ಹಳೇ ಹುಬ್ಬಳ್ಳಿ:
ತಾಯಿ, ಆ ಮುದುಕಿ ಸುದ್ದಿ ಓದಿ ನಮ್ಮಾಕಿಗೆ ಎರಡು ಸಲ ಹೇಳಿದೆ. ನಮ್ಮಪ್ಪನೂ ಗಿಣಿ ಒಂದನ್ನ ಹಂಗ ಮಾಡ್ತಿದ್ದ, ಗೀಟು ಹಾಕಿಕೊಳ್ಳದ ಕೊಕ್ಕು ತಿರುವ್ತಿದ್ದ. ಗದಗಿನ ತಮ್ಮಾ, ರವಿವಾರ ಕಿನ್ನಾಳಕ್ಕ ಹೊಂಟೆ. ಗರುಡನ ಜೋಡಿ ಆ ಕೊಕ್ಕಿನ ಚಕ್ಕೀನೂ ಬ್ಯಾಗಿನ್ಯಾಗ ಇಡತೀನಿ. ಒಂದ ಕೇಳೂದು ಉಳೀತು: ಮ್ಯೂಸಿಯಂ ಒಳಗ ಕೀಲಿನ ಫೋಟೋ ತಗೊಳ್ಳಾಕ ಬಿಡತಾರೇನು ತಾಯಿ, ಇಲ್ಲಂದ್ರ ವಹಿ, ಪೆನ್ಸಿಲ್ ಒಯ್ಯತೀನಿ.