ಫ್ಲಾನೆಲ್ ಅಂಗಿಯ ನವಿರು ಉಳಿಸಿಕೊಳ್ಳುವುದು ಹೇಗೆ: ಬಲ್ಲವರ ಅನುಭವಗಳು

ಪ್ರಶ್ನೆ (ದಾವಣಗೆರೆ ವಿದ್ಯಾನಗರದ ಗೃಹಿಣಿಯೊಬ್ಬರಿಂದ)

ಸ್ಕಾಟ್ಲೆಂಡಿನಲ್ಲಿ ಓದುತ್ತಿರುವ ಮಗ ತನ್ನ ತಂದೆಗೆಂದು ಎರಡು ಚೌಕಳಿ ಫ್ಲಾನೆಲ್ ಅಂಗಿಗಳನ್ನು ಕಳುಹಿಸಿದ್ದಾನೆ. ಒಂದರ ಕೊರಳಪಟ್ಟಿಯ ಚೀಟಿಯಲ್ಲಿ ಪೂರ್ತಿ ಹತ್ತಿ ಎಂದಿದೆ, ಇನ್ನೊಂದರಲ್ಲಿ ಶೇ. 55 ಮೆರಿನೊ ಉಣ್ಣೆ, ಶೇ. 45 ಹತ್ತಿ ಎಂದಿದೆ. ಬೆಲೆ ಕೇಳಿದ ಮೇಲೆ ನೀರಿಗೆ ಹಾಕಲು ಕೈ ಬರುತ್ತಿಲ್ಲ. ನಮ್ಮಲ್ಲಿರುವುದು ಬೋರ್ ನೀರು ಮತ್ತು ಸೆಮಿ ಆಟೋಮ್ಯಾಟಿಕ್ ಮಷಿನ್. ಎರಡನ್ನೂ ಒಂದೇ ರೀತಿ ಒಗೆಯಬಹುದೇ? ಇಸ್ತ್ರಿ ಅಂಗಡಿಗೆ ಕೊಡಬಹುದೇ? ಇಲ್ಲಿಯೇ ಬಟ್ಟೆ ಕೊಂಡು ಇನ್ನೊಂದನ್ನು ಹೊಲಿಸುವುದಾದರೆ ಏನು ನೋಡಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ದಾವಣಗೆರೆಯ ಹತ್ತಿ ಗಿರಣಿಯ ನಿವೃತ್ತ ಕಾರ್ಮಿಕರು

ತಂಗೀ, ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ನಾನು ನೂಲುವ ಖಾತೆಯಲ್ಲಿದ್ದವನು. ಆದ್ದರಿಂದ ಒಗೆಯುವ ವಿಚಾರವನ್ನು ಬೇರೆಯವರಿಗೆ ಬಿಟ್ಟು ಬಟ್ಟೆಯ ವಿಚಾರವನ್ನಷ್ಟೇ ಬರೆಯುತ್ತೇನೆ. ಫ್ಲಾನೆಲ್ ಮೊದಲು ಬಳಕೆಗೆ ಬಂದದ್ದು ಕುರಿ ಸಾಕಣೆಯ ನಾಡಾದ ವೇಲ್ಸ್‌ನಲ್ಲಿ, ಅಪ್ಪಟ ಉಣ್ಣೆಯ ಬಟ್ಟೆಯಾಗಿ. ಹತ್ತಿಯ ಫ್ಲಾನೆಲ್ ಆಮೇಲಿನದು. ಅದನ್ನು ನೇಯುವಾಗ ಹೊಕ್ಕಿನ ನೂಲಿಗೆ ಬೇಕೆಂದೇ ಹುರಿಯನ್ನು ಕಡಿಮೆ ಕೊಡುತ್ತಾರೆ. ನೇಯ್ದ ಥಾನನ್ನು ಸಣ್ಣ ತಂತಿಮುಳ್ಳುಗಳಿರುವ ಉರುಳೆಗಳ ಮೇಲೆ ಹಾಯಿಸಿದಾಗ ಆ ಸಡಿಲ ನೂಲಿನಿಂದ ಎಳೆಗಳ ತುದಿಗಳು ಮೇಲೆದ್ದು ನವಿರಾಗುತ್ತವೆ, ಮತ್ತು ಆ ನವಿರಿನ ನಡುವೆ ಅಲುಗಾಡದೆ ನಿಲ್ಲುವ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ.

ನವಿರು ಬರುವುದು ನೂಲಿನ ಒಡಲಿನಿಂದಲೇ ಆದುದರಿಂದ, ಅದನ್ನು ಎಷ್ಟು ಎಳೆದರೆ ಅಷ್ಟು ಹೊಕ್ಕು ಬಡವಾಗುತ್ತದೆ ಎಂಬುದನ್ನು ಕೊಳ್ಳುವವರು ನೆನಪಿಡಬೇಕು. ಅಗ್ಗದ ಮಾಲಿನಲ್ಲಿ ತೆಳ್ಳನೆಯ ಬಟ್ಟೆಯನ್ನು ವಿಪರೀತ ಎಬ್ಬಿಸಿ ದಪ್ಪವಾಗಿ ಕಾಣಿಸಿರುತ್ತಾರೆ. ಅಂಗಡಿಯಲ್ಲಿ ಮೊಲದ ಮರಿಯಂತೆ ಮೆತ್ತಗಿದ್ದದ್ದು ಕೆಲವು ಒಗೆತಗಳಲ್ಲೇ ಮೊಣಕೈಯ ಬಳಿ ಬೋಳಾಗುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ನವಿರಿನ ಹಿಂದೆ ನೇಯ್ಗೆ ಒತ್ತಾಗಿ, ಸಮನಾಗಿ ಕಾಣಬೇಕು. ಹೆಬ್ಬೆರಳಿನಿಂದ ನಾಲ್ಕಾರು ಸಲ ಒತ್ತಿ ಉಜ್ಜಿದಾಗ ಬೆರಳಿಗೆ ಜುಂಗು ಅಂಟಿಕೊಂಡು ಬಂದರೆ ಆ ಥಾನನ್ನು ಕೆಳಗಿಡಿ. ಚೌಕಳಿಯು ಹಿಮ್ಮಗ್ಗುಲಲ್ಲೂ ಅಷ್ಟೇ ಗಾಢವಾಗಿದ್ದರೆ ಅದು ನೂಲಿಗೇ ಬಣ್ಣ ಕಟ್ಟಿ ನೇಯ್ದದ್ದು, ಹಿಂದೆ ಮಂಕಾಗಿದ್ದರೆ ಮೇಲೆ ಅಚ್ಚು ಹಾಕಿದ್ದು. ಪಾಲಿಯೆಸ್ಟರ್ ಬೆರೆತದ್ದರಲ್ಲಿ ಮೇಲ್ಮೈ ತುಂಬ ಗುಂಡುಗುಂಡಾದ ಗಂಟುಗಳು ಏಳುತ್ತವೆ. ಹತ್ತಿಯಲ್ಲಿಯೂ ಅವು ಏಳುವುದುಂಟು, ಆದರೆ ಹತ್ತಿಯ ಎಳೆ ತುಂಡಾಗಿ ಗಂಟು ತಾನೇ ಉದುರುತ್ತದೆ. ಪಾಲಿಯೆಸ್ಟರ್ ಎಳೆ ತುಂಡಾಗದಷ್ಟು ಗಟ್ಟಿಯಾದುದರಿಂದ ಗಂಟನ್ನು ಹಿಡಿದುಕೊಂಡೇ ಇರುತ್ತದೆ.

ಚಿತ್ರದುರ್ಗದಲ್ಲಿ ಲಾಂಡ್ರಿ ನಡೆಸುವವರು

ಮೇಡಂ, ಎರಡನ್ನೂ ಒಂದೇ ಬಕೆಟ್ಟಿಗೆ ಖಂಡಿತ ಹಾಕಬೇಡಿ. ಹತ್ತಿ ಮತ್ತು ಉಣ್ಣೆ ಎರಡೂ ಕುಗ್ಗುತ್ತವೆ, ಆದರೆ ಕುಗ್ಗುವ ಕಾರಣ ಬೇರೆ ಬೇರೆ. ನೇಯುವಾಗ ಮತ್ತು ಗಿರಣಿಯಲ್ಲಿ ಹಾಯಿಸುವಾಗ ಎಳೆಸಿಕೊಂಡಿದ್ದ ಹತ್ತಿಯ ನೂಲು ನೀರು ಬಿದ್ದೊಡನೆ ಬಿಗಿತ ಕಳೆದುಕೊಂಡು ತನ್ನ ಸಹಜ ಅಳತೆಗೆ ಬರುತ್ತದೆ. ಇದರ ಬಹುಪಾಲು ಮೊದಲ ಕೆಲವು ಒಗೆತಗಳಲ್ಲೇ ಮುಗಿದುಹೋಗುತ್ತದೆ. ಉಣ್ಣೆಯ ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದ ಪೊರೆಗಳಿರುತ್ತವೆ. ಬಿಸಿ, ತೇವ ಮತ್ತು ತಿಕ್ಕಾಟ ಮೂರೂ ಕೂಡಿದಾಗ ಈ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ದಡ್ಡುಗಟ್ಟುತ್ತದೆ, ಹಾಗೆ ಗಟ್ಟಿಯಾದದ್ದನ್ನು ಮತ್ತೆ ಬಿಡಿಸುವ ಉಪಾಯ ನಮ್ಮ ಕಸುಬಿನಲ್ಲಿಲ್ಲ.

ಹತ್ತಿಯ ಅಂಗಿಯನ್ನು ಗುಂಡಿ ಹಾಕಿ, ಒಳಮೈ ಹೊರಗೆ ತಿರುಗಿಸಿ, ತಣ್ಣೀರಿನಲ್ಲಿ ಮಷಿನ್ನಿನ ಮೆಲು ಸುತ್ತಿಗೆ ಹಾಕಬಹುದು. ಕಪ್ಪು ಪ್ಯಾಂಟು, ಟವೆಲ್ಲುಗಳ ಜೊತೆ ಬೇಡ, ಏಕೆಂದರೆ ಇದರ ಜುಂಗು ಅವಕ್ಕೆ ಹತ್ತುತ್ತದೆ, ಟವೆಲ್ಲಿನದು ಇದಕ್ಕೆ ಹತ್ತುತ್ತದೆ. ಕೊರಳಪಟ್ಟಿಯ ಕೊಳೆಗೆ ದ್ರವ ಸೋಪನ್ನು ಬೆರಳಿನಿಂದ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ಬ್ರಷ್ಷಿನಿಂದ ಉಜ್ಜಿದ ಅಥವಾ ಒಗೆಯುವ ಕಲ್ಲಿಗೆ ಬಡಿದ ಕಡೆ ನವಿರು ಹೋಗಿಬಿಡುತ್ತದೆ. ಬಣ್ಣ ಗಟ್ಟಿಯಾಗಲಿ ಎಂದು ಉಪ್ಪುನೀರಿನಲ್ಲಿ ನೆನೆಸಿಡುವ ರೂಢಿ ಇದೆಯಾದರೂ, ಗಿರಣಿಯಲ್ಲೇ ಬಣ್ಣ ಕಟ್ಟಿಸಿಕೊಂಡು ಬಂದ ಈಗಿನ ಬಟ್ಟೆಗೆ ಅದರಿಂದ ಆಗುವುದೇನೂ ಇಲ್ಲ.

ನೀವು ನೀರಿನ ವಿಷಯ ಬರೆದದ್ದು ಒಳ್ಳೆಯದಾಯಿತು. ನಮ್ಮ ಎರಡೂ ಜಿಲ್ಲೆಗಳ ಬೋರ್ ನೀರು ಬಹುತೇಕ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಬಾರ್ ಸೋಪಿನೊಂದಿಗೆ ಸೇರಿ ಜಿಗುಟು ಗಷ್ಟಾಗುತ್ತದೆ. ಸಾದಾ ಬಟ್ಟೆಯಲ್ಲಿ ಅದು ಜಾಲಿಸಿದಾಗ ಬಹುಮಟ್ಟಿಗೆ ಹೋಗುತ್ತದೆ, ನವಿರಿರುವ ಬಟ್ಟೆಯಲ್ಲಿ ಮಾತ್ರ ಎಳೆಗಳ ಬುಡದಲ್ಲಿ ಕುಳಿತು, ಒಣಗಿದ ಮೇಲೆ ಅಂಗಿ ಹಪ್ಪಳದಂತೆ ಒರಟಾಗುತ್ತದೆ. ಅನೇಕರು ಇದನ್ನೇ ಬಟ್ಟೆ ಕಳಪೆ ಎಂದು ತಿಳಿಯುತ್ತಾರೆ. ನಲ್ಲಿಯಲ್ಲಿ ಹೊಳೆ ಅಥವಾ ಕೆರೆಯ ನೀರು ಬರುವ ದಿನ ಒಗೆಯಿರಿ. ಅದಾಗದಿದ್ದರೆ ಬಾರ್ ಸೋಪು ಬಿಟ್ಟು ದ್ರವ ಡಿಟರ್ಜೆಂಟನ್ನು ಕಡಿಮೆ ಹಾಕಿ, ಕೊನೆಯ ಸಲ ಜಾಲಿಸುವ ಬಕೆಟ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಬೆರೆಸಿ. ವಾಸನೆ ಒಣಗುವಷ್ಟರಲ್ಲಿ ಹೋಗುತ್ತದೆ. ಸುವಾಸನೆಯ ಕಂಡೀಷನರ್‌ಗಳನ್ನು ನಾನು ಫ್ಲಾನೆಲ್ಲಿಗೆ ಹಾಕುವುದಿಲ್ಲ. ಅವು ಎಳೆಗಳಿಗೆ ಜಿಡ್ಡಿನ ಲೇಪ ಹಚ್ಚುವುದರಿಂದ ಬಟ್ಟೆ ಬೆವರು ಹೀರುವುದು ಕಡಿಮೆಯಾಗುತ್ತದೆ.

ಉಣ್ಣೆ ಬೆರೆತ ಅಂಗಿಗೆ ಕೈ ಒಗೆತವೇ ಸರಿ. 30 ಡಿಗ್ರಿ ಸೆಲ್ಸಿಯಸ್ ದಾಟದ ನೀರಿನಲ್ಲಿ ಉಣ್ಣೆಗೆಂದೇ ಮಾರುವ ದ್ರವ ಸೋಪು ಕಲಸಿ, ಅಂಗಿಯನ್ನು ಅದ್ದಿ ಒತ್ತಿ ತೆಗೆಯಬೇಕೇ ಹೊರತು ತಿಕ್ಕಬಾರದು. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಲಿ. ವಾಷಿಂಗ್ ಸೋಡಾ ಉಣ್ಣೆಯನ್ನು ಕೆಡಿಸುತ್ತದೆ, ಬ್ಲೀಚಿಂಗ್ ಪುಡಿಯಂತೂ ಅದನ್ನು ಕರಗಿಸಿಯೇ ಬಿಡುತ್ತದೆ. ನೀರು ತೆಗೆಯಲು ಹಿಂಡದೆ ದಪ್ಪ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಅಂಗಿ ಜೋಲುತ್ತದೆ.

ಇಸ್ತ್ರಿ ಅಂಗಡಿಗೆ ಕೊಡುವುದಾದರೆ ಗಂಜಿ ಬೇಡವೆಂದೂ, ಒಳಮೈಯಿಂದ ಮಾತ್ರ ಮಾಡಬೇಕೆಂದೂ ಒತ್ತಿ ಹೇಳಿ. ಇದ್ದಿಲ ಇಸ್ತ್ರಿಪೆಟ್ಟಿಗೆಯ ಭಾರಕ್ಕೆ ನವಿರು ಮಲಗಿ ಬಟ್ಟೆಗೆ ಹೊಳಪು ಬಂದುಬಿಡುತ್ತದೆ. ನಿಜ ಹೇಳಬೇಕೆಂದರೆ ಈ ಅಂಗಿಗೆ ಗೆರೆ ಮೂಡುವ ಇಸ್ತ್ರಿ ಒಪ್ಪುವುದೂ ಇಲ್ಲ.

ಚಳ್ಳಕೆರೆಯ ಕಂಬಳಿ ನೇಯುವ ಮನೆತನದವರು

ಅಕ್ಕನವರೇ, ಉಣ್ಣೆ ಸೋಪು ಸಿಗದಿದ್ದರೆ ಅಂಟುವಾಳ ಕಾಯಿಯನ್ನು ನೆನೆಸಿ ಕಿವುಚಿ, ಸೋಸಿದ ನೀರನ್ನು ಬಳಸಿ. ರೇಷ್ಮೆಗೂ ಉಣ್ಣೆಗೂ ಹಿರಿಯರು ಅದನ್ನೇ ಬಳಸುತ್ತಿದ್ದರು. ತೀರ ತಿಳಿ ಬಣ್ಣದ ಬಟ್ಟೆಯಾದರೆ ಮೊದಲು ಒಳಮಡಿಕೆಯಲ್ಲಿ ಒಂದು ಹನಿ ಹಾಕಿ ಕಲೆಯಾಗುವುದೇ ನೋಡಿಕೊಳ್ಳಿ. ಬೇಸಿಗೆಗೆ ಎತ್ತಿಡುವಾಗ ಒಮ್ಮೆ ತೊಟ್ಟದ್ದಾದರೂ ಒಗೆದೇ ಇಡಬೇಕು, ಏಕೆಂದರೆ ಉಣ್ಣೆಯನ್ನು ತಿನ್ನುವ ನುಸಿಯ ಮರಿಗಳಿಗೆ ಬೆವರು, ಎಣ್ಣೆ ಹತ್ತಿದ ಜಾಗವೇ ಹೆಚ್ಚು ಇಷ್ಟ. ಹತ್ತಿಯ ಅಂಗಿಗೆ ಆ ಕಾಟವಿಲ್ಲ. ಆದರೆ ಗಂಜಿ ಹಾಕಿದ್ದರೆ ಬೆಳ್ಳಿಹುಳು ಬರುತ್ತದೆ.

ದಾವಣಗೆರೆಯ ದರ್ಜಿಯೊಬ್ಬರು

ಮೇಡಂ, ಚೌಕಿಪೇಟೆಯಲ್ಲಿ ಬಟ್ಟೆ ತೆಗೆಯುವಾಗ ಪ್ರತಿ ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂದು ಕೇಳಿ. ನಮ್ಮ ಊರಿನ ಚಳಿ ಬೆಳಗಿನ ಜಾವಕ್ಕಷ್ಟೇ ಸೀಮಿತವಾದುದರಿಂದ 140ರಿಂದ 170 ಗ್ರಾಂ ಧಾರಾಳವಾಗಿ ಸಾಕು. 250ರ ಮೇಲಿನದು ಅಂಗಿಯ ಮೇಲೆ ತೊಡುವ ಕೋಟಿನ ಬಟ್ಟೆ, ಹತ್ತು ಗಂಟೆಯ ಬಿಸಿಲಿಗೆ ಯಜಮಾನರು ಅದನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ಚೌಕಳಿ ಕೂಡಿಸಲು ಸಾಮಾನ್ಯ ಅಂಗಿಗಿಂತ ಕಾಲು ಮೀಟರ್ ಹೆಚ್ಚು ತನ್ನಿ. ಜೇಬು ಮತ್ತು ಗುಂಡಿಪಟ್ಟಿಯ ಮೇಲೆ ಗೆರೆಗಳು ಮುರಿಯದೆ ಮುಂದುವರಿದಿದ್ದರೆ ಹೊಲಿಗೆ ಒಳ್ಳೆಯದೆಂದು ತಿಳಿಯಿರಿ, ಸಿದ್ಧ ಉಡುಪಿಗೂ ಇದೇ ಪರೀಕ್ಷೆ.

ಹೊಲಿಯಲು ಕೊಡುವ ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ. ಶೇ. 3ರಷ್ಟು ಕುಗ್ಗಿದರೂ 75 ಸೆಂಟಿಮೀಟರ್ ಉದ್ದದ ಅಂಗಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗುತ್ತದೆ. ಕಾಲರಿನ ಬಕ್ರಂ ಅನ್ನೂ ನೆನೆಸಿ ಒಣಗಿಸಿ ಹಾಕುವಂತೆ ಹೇಳಿ, ಇಲ್ಲದಿದ್ದರೆ ಬಟ್ಟೆಯದೇ ಒಂದು ಅಳತೆ, ಬಕ್ರಂನದೇ ಒಂದು ಅಳತೆಯಾಗಿ ಕಾಲರು ಉಬ್ಬುತ್ತದೆ. ನವಿರಿಗೆ ಒಂದು ದಿಕ್ಕಿರುತ್ತದೆ. ಎಲ್ಲ ತುಂಡುಗಳನ್ನೂ ಅದೇ ದಿಕ್ಕಿನಲ್ಲಿ ಕತ್ತರಿಸದಿದ್ದರೆ ಒಂದು ತೋಳು ಇನ್ನೊಂದಕ್ಕಿಂತ ಕಪ್ಪಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹತ್ತಿಯದನ್ನು ನಲ್ಲಿ ನೀರಿನಲ್ಲಿ ಒಗೆದೆ, ಮೆತ್ತಗೇ ಇದೆ. ಒಣಗಿದ ಮೇಲೆ ಬೆನ್ನಿನ ಭಾಗದಲ್ಲಿ ನವಿರು ಸ್ವಲ್ಪ ಮಲಗಿದಂತಿದೆ. ಅದನ್ನು ಎಬ್ಬಿಸಬಹುದೇ?

ಮಂಡಕ್ಕಿ ಭಟ್ಟಿಯ ಬಡಾವಣೆಯಿಂದ

ಅಕ್ಕಾ, ಅಂಗಿ ಇನ್ನೂ ಅರೆಹಸಿಯಾಗಿರುವಾಗಲೇ ಎರಡೂ ಹೆಗಲು ಹಿಡಿದು ಜೋರಾಗಿ ಕೊಡವಿ, ಪೂರ್ತಿ ಒಣಗಿದ ಮೇಲೆ ಕೋಟು ಒರೆಸುವ ಮೃದು ಬ್ರಷ್ಷನ್ನು ಒಂದೇ ದಿಕ್ಕಿಗೆ ಆಡಿಸಿದರೆ ಬಹುಪಾಲು ಏಳುತ್ತದೆ. ಒಣಹಾಕುವ ಜಾಗವನ್ನು ಮಾತ್ರ ನೋಡಿಕೊಳ್ಳಿ. ನಮ್ಮ ಕಡೆ ತಾರಸಿಯ ಮೇಲೆ ಹಾಕಿದರೆ ಭಟ್ಟಿಯ ಮಸಿಯ ಎಸಳುಗಳು ನವಿರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ್ನು ಒದ್ದೆ ಕೈಯಿಂದ ಒರೆಸಿದರೆ ಕಪ್ಪು ಗೆರೆ ಬೀಳುತ್ತದೆ, ಒಣಗಿದ ಮೇಲೆ ಉಫ್ ಎಂದು ಊದಿ ಕೊಡವಿದರೆ ಹೋಗುತ್ತವೆ. ಇನ್ನೊಂದು ಮಾತು: ಹತ್ತಿಯ ನವಿರಿಗೆ ಕಿಡಿ ತಗುಲಿದರೆ ಮೇಲ್ಮೈಯಲ್ಲಿ ಬೆಂಕಿ ಸರ್ರನೆ ಹರಡುತ್ತದೆ, ಆದ್ದರಿಂದ ಆ ಅಂಗಿ ತೊಟ್ಟು ಒಲೆ ಹಚ್ಚುವುದೂ, ಬೆಂಕಿ ಕಾಯಿಸುವುದೂ ಬೇಡವೆಂದು ಮನೆಯವರಿಗೆ ತಿಳಿಸಿ.