ಅಪ್‌ಡೇಟ್: 88 ಡಿಗ್ರಿ ಇದ್ದ ಸಿಪಿಯು ಈಗ 69ಕ್ಕೆ ಇಳಿದಿದೆ

ಹೋದ ತಿಂಗಳು ಕೇಳಿದ್ದೆನಲ್ಲ, ನನ್ನ ಕಂಪ್ಯೂಟರಿನ ಪ್ರೊಸೆಸರ್ (ಸಿಪಿಯು) ರೈಜನ್ 5 5600, ಅದನ್ನು ತಣ್ಣಗಿಡೋಕೆ ಜೊತೆಗೇ ಬಂದ ಪುಟ್ಟ ಕೂಲರ್, ವಿಡಿಯೊ ರೆಂಡರ್ (ಎಡಿಟ್ ಮಾಡಿದ ವಿಡಿಯೊದ ಫೈಲ್ ತಯಾರಿಸೋದು) ಹಾಕಿದರೆ 88 ಡಿಗ್ರಿ, ಬೇರೆ ಯಾವ ಕೂಲರ್ ತಗೊಳ್ಳಲಿ ಅಂತ. ಎಲ್ಲರೂ ತಾಳ್ಮೆಯಿಂದ ಉತ್ತರಿಸಿದ್ರಿ, ತುಂಬಾ ಥ್ಯಾಂಕ್ಸ್.

ಕೊನೆಗೆ ತಗೊಂಡದ್ದು ಡೀಪ್‌ಕೂಲ್ ಎಕೆ400 ಅನ್ನೋ ಕೂಲರ್. ಎತ್ತರ 155 ಮಿಮೀ. ಕ್ಯಾಬಿನೆಟ್‌ನಲ್ಲಿ 160ರವರೆಗೆ ಜಾಗ ಇತ್ತು. ನೀವು ಹೇಳದಿದ್ದರೆ ನಾನು ಅಳತೆಯನ್ನೇ ನೋಡುತ್ತಿರಲಿಲ್ಲ. ಮುಂದೆ 120 ಮಿಮೀ ಫ್ಯಾನ್ ಎರಡು, ಗಾಳಿ ಒಳಗೆ. ಹಿಂದೆ ಒಂದು, ಅದು ಗಾಳಿ ಹೊರಗೆ ಹಾಕಬೇಕು.

ಆದರೆ ಅಸಲಿ ತಪ್ಪು ಸಿಕ್ಕಿದ್ದು ಪಕ್ಕದ ಬಾಗಿಲು ಬಿಚ್ಚಿದಾಗ. ಹಿಂದಿನ ಫ್ಯಾನ್ ಉಲ್ಟಾ ಕೂತಿತ್ತು! ಫ್ಯಾನಿನ ಮೋಟರ್ ಹಿಡಿದಿರುವ ಕಡ್ಡಿಗಳು ಯಾವ ಕಡೆ ಇವೆಯೋ ಆ ಕಡೆಗೇ ಗಾಳಿ ಹೋಗೋದು. ನನ್ನದರಲ್ಲಿ ಕಡ್ಡಿಗಳು ಒಳಕ್ಕೆ ಮುಖ ಮಾಡಿದ್ದವು. ಮುಂದಿನ ಜಾಲರಿಯಲ್ಲಂತೂ ಅಡಿಕೆ ಸುಲಿದ ಧೂಳು ಮಳೆಗಾಲದ ಥಂಡಿ ಹಿಡಿದು ಕಂಬಳಿಯ ಹಾಗೆ ಅಂಟಿತ್ತು, ಉಗುರಿನಿಂದ ಕೆರೆದರೆ ಪದರವಾಗಿ ಎದ್ದು ಬಂತು. ತೀರ್ಥಹಳ್ಳಿ ಕಡೆ ಅಡಿಕೆ ಮನೆಯಲ್ಲಿ ಕಂಪ್ಯೂಟರ್ ಇಟ್ಟವರು ಸುಗ್ಗಿ ಮುಗಿದ ಕೂಡಲೇ ಜಾಲರಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಹಿಂದಿನ ಫ್ಯಾನ್ ತಿರುಗಿಸಿ ಹಾಕಿದ ಮೇಲೆ, ಈಗ ಅದೇ ರೆಂಡರ್‌ಗೆ 69. ಸದ್ದೂ ಕಮ್ಮಿ, ರಾತ್ರಿ ಕೆಲಸ ಮಾಡುವಾಗ ಹೊರಗಿನ ಜೀರುಂಡೆ ಕೇಳಿಸುತ್ತೆ.