ಮೈಟ್ರಲ್ ಕವಾಟವೂ ಪಂಪಿನ ಫುಟ್‌ವಾಲ್ವೂ ಒಂದೇ ಬಗೆಯೇ?

ಪ್ರಶ್ನೆ (ಬದಿಯಡ್ಕದ ಅಡಿಕೆ ಕೃಷಿಕ): ಡಾಕ್ಟರರೇ, ಮೊನ್ನೆ ಅಮ್ಮನಿಗೆ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿದೆವು. ಅಲ್ಲಿನವರು ಮಲಯಾಳದಲ್ಲಿ ಅವಸರವಾಗಿ ಹೇಳಿದ್ದರಲ್ಲಿ ‘ಮೈಟ್ರಲ್ ವಾಲ್ವ್’, ‘ಸ್ವಲ್ಪ ಲೀಕ್’ ಎಂಬೆರಡು ಮಾತು ಮಾತ್ರ ನನಗೆ ತಿಳಿಯಿತು. ತೋಟದ ಪಂಪಿನ ಫುಟ್‌ವಾಲ್ವ್ ಸೋರಿದರೆ ಪೈಪಿನ ನೀರೆಲ್ಲ ಬಾವಿಗೆ ಇಳಿದುಹೋಗುತ್ತದೆ, ಬದಲಾಯಿಸದೆ ವಿಧಿಯಿಲ್ಲ. ಇದೂ ಹಾಗೆಯೇ?

ಉತ್ತರ (ಹೃದ್ರೋಗ ತಜ್ಞೆ): ಕೆಲಸದ ಮಟ್ಟಿಗೆ ನಿಮ್ಮ ಹೋಲಿಕೆ ಸರಿಯಾಗಿದೆ, ಎರಡೂ ಒಂದೇ ದಿಕ್ಕಿಗೆ ಹರಿಯಗೊಡುವ ಬಾಗಿಲುಗಳು. ಶ್ವಾಸಕೋಶಗಳಿಂದ ಬಂದ ರಕ್ತ ತುಂಬಿಕೊಳ್ಳುವ ಎಡ ಹೃತ್ಕರ್ಣಕ್ಕೂ ಅದನ್ನು ಮೈಗೆಲ್ಲ ತಳ್ಳುವ ಎಡ ಹೃತ್ಕುಕ್ಷಿಗೂ ನಡುವೆ ಇರುವುದೇ ಮೈಟ್ರಲ್ ಕವಾಟ. ಎರಡೇ ಎಸಳುಗಳಿರುವುದರಿಂದ ಶಾಲೆಯಲ್ಲಿ ಇದನ್ನೇ ದ್ವಿದಳ ಕವಾಟವೆಂದು ಓದಿರುತ್ತೀರಿ. ವಯಸ್ಕರಲ್ಲಿ ತೆರೆದಾಗ ಇದರ ಬಾಯಿ 4ರಿಂದ 6 ಚದರ ಸೆಂಟಿಮೀಟರಿನಷ್ಟಿರುತ್ತದೆ.

ವ್ಯತ್ಯಾಸವಿರುವುದು ಕಟ್ಟಣೆಯಲ್ಲಿ. ಎಸಳುಗಳಿಂದ ಹೊರಟ ಬಿಳಿಯ, ಗಟ್ಟಿ ನೂಲಿನಂಥ ತಂತುಗಳು ಹೃತ್ಕುಕ್ಷಿಯ ಗೋಡೆಯಿಂದ ಮೊಳಕೆಯಂತೆ ಎದ್ದುನಿಂತ ಎರಡು ಸ್ನಾಯುಗಳಿಗೆ ಬಿಗಿದಿರುತ್ತವೆ. ಹೃತ್ಕುಕ್ಷಿ ಹಿಂಡಿದಾಗ ಅಲ್ಲಿನ ಒತ್ತಡ ಸುಮಾರು 120 ಮಿಲಿಮೀಟರ್ ಪಾದರಸಕ್ಕೇರುತ್ತದೆ. ಆಗ ಹೃತ್ಕರ್ಣದಲ್ಲಿರುವುದು 10ರ ಆಸುಪಾಸು. ಆಟಿಯ ಗಾಳಿಗೆ ಕೊಡೆ ಮಗುಚಿಕೊಳ್ಳುವಂತೆ ಎಸಳುಗಳೂ ಮಗುಚಿಕೊಳ್ಳಬೇಕಿತ್ತು. ತಂತುಗಳು ಅದಕ್ಕೆ ಬಿಡುವುದಿಲ್ಲ. ಸ್ನಾಯುಗಳೇ ಎಳೆದು ಬಾಗಿಲು ಮುಚ್ಚುತ್ತವೆ ಎಂದು ಕಲಿಯುವಾಗ ನಾನೂ ತಿಳಿದಿದ್ದೆ. ಹಾಗಲ್ಲ, ಮುಚ್ಚುವುದು ರಕ್ತದ ಒತ್ತಡವೇ. ಮುಚ್ಚಿದ ಎಸಳು ಹಿಮ್ಮುಖವಾಗಿ ಉಬ್ಬದಂತೆ ಹಿಡಿದುಕೊಳ್ಳುವುದಷ್ಟೇ ಸ್ನಾಯು ಮತ್ತು ತಂತುಗಳ ಕೆಲಸ.

ಪ್ರಶ್ನೆ (ಅವರೇ): ಹಾಗಾದರೆ ಸೋರುವುದೇಕೆ? ಆಪರೇಷನ್ ಬೇಕಾದೀತೇ?

ಉತ್ತರ: ತಂತು ಉದ್ದವಾಗಿ ಸಡಿಲಗೊಂಡರೆ ಅಥವಾ ಹರಿದರೆ, ಚಿಕ್ಕಂದಿನಲ್ಲಿ ಬಂದ ಸಂಧಿವಾತ ಜ್ವರದಿಂದ ಎಸಳು ಮುರುಟಿದರೆ, ಇಲ್ಲವೇ ಹೃದಯ ಹಿಗ್ಗಿ ಕವಾಟದ ಬಳೆ ಅಗಲವಾದರೆ, ಎಸಳುಗಳ ಅಂಚು ಕೂಡಿಕೊಳ್ಳದೆ ರಕ್ತ ಹಿಂದಕ್ಕೆ ನುಗ್ಗುತ್ತದೆ. ಆದರೆ ಅತ್ಯಲ್ಪ ಸೋರಿಕೆ ಆರೋಗ್ಯವಂತರ ಎಕೋದಲ್ಲಿಯೂ ಕಾಣಿಸುತ್ತದೆ, ಮತ್ತು ಸೌಮ್ಯವಾದ ಸೋರಿಕೆಯೊಂದಕ್ಕಾಗಿಯೇ ಯಾರೂ ಆಪರೇಷನ್ ಮಾಡುವುದಿಲ್ಲ. ಸೋರಿಕೆ ತೀವ್ರವಾದಾಗಲೂ ಸಾಧ್ಯವಿದ್ದಲ್ಲಿ ಎಸಳನ್ನು ಹೊಲಿದು, ಬಳೆ ಬಿಗಿದು ದುರಸ್ತಿ ಮಾಡುವುದೇ ಮೊದಲ ಆಯ್ಕೆ. ಇಲ್ಲಿ ನಿಮ್ಮ ಫುಟ್‌ವಾಲ್ವಿನ ಲೆಕ್ಕ ತಪ್ಪುತ್ತದೆ. ಗುಡ್ಡ ಹತ್ತುವಾಗ ಹಿಂದಿಲ್ಲದ ಏದುಸಿರು, ಅಂಗಾತ ಮಲಗಲಾಗದಿರುವುದು, ಎದೆಬಡಿತ ಅಡ್ಡಾದಿಡ್ಡಿಯಾಗುವುದು ಇವು ಕಂಡರೆ ತಡಮಾಡದೆ ತೋರಿಸಿ. ಅಮ್ಮನ ವರದಿಯಲ್ಲಿ ಎಡ ಹೃತ್ಕರ್ಣ, ಹೃತ್ಕುಕ್ಷಿಗಳ ಅಳತೆ ಬರೆದಿರುತ್ತದೆ. ಮುಂದಿನ ಎಕೋದೊಂದಿಗೆ ಹೋಲಿಸಲು ಬೇಕಾಗುವುದರಿಂದ ಆ ಹಾಳೆಯನ್ನು ಜೋಪಾನವಾಗಿಡಿ.